ಮಾತೃಕೆಗಳನ್ನು ಹೇಳಿ ಬರೆಸಿದವರು

ಗೋಕಾಕದಲ್ಲಿ ನನ್ನ ಡಿಟಿಪಿ ಅಂಗಡಿ ಇದ್ದದ್ದು ಹತ್ತಡಿ ಅಗಲದ ಒಂದು ಖೋಲಿಯಲ್ಲಿ. ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಝೆರಾಕ್ಸ್ ಯಂತ್ರ, ಗಿರಾಕಿಗಳಿಗೆ ಎರಡು ಸ್ಟೂಲು. ಇಷ್ಟೆಲ್ಲ ತುಂಬಿದ ಮೇಲೆ ಉಳಿಯುವ ಜಾಗದಲ್ಲಿ ಒಬ್ಬ ಮನುಷ್ಯ ಐದು ಹೆಜ್ಜೆ ನಡೆಯಬಹುದಿತ್ತು. ಆ ಐದು ಹೆಜ್ಜೆಯನ್ನು ಸರ್ ಎರಡು ವರ್ಷಕ್ಕೂ ಮಿಕ್ಕಿ ಸವೆಸಿದರು. ಬಾಗಿಲಿನಿಂದ ಝೆರಾಕ್ಸ್ ಯಂತ್ರದವರೆಗೆ ಐದು, ತಿರುಗಿ ಬಾಗಿಲಿಗೆ ಐದು. ಚಹಾ ಬಂದರೆ ನಿಂತೇ ಕುಡಿಯುವರು, ಬಾಯಿ ಸುಡುವಷ್ಟು ಬಿಸಿ ಇದ್ದರೂ ಎರಡೇ ಗುಟುಕಿನಲ್ಲಿ. "ಕುಂಡರ್ರಿ ಸರ" ಎಂದರೆ, "ಕುಂತರ ಹೊತ್ತು ಹೋಗತೈತವಾ" ಎನ್ನುವರು. ನಿಂತರೂ ಹೊತ್ತು ಹೋಗುತ್ತದಲ್ಲ ಎಂದು ನಾನು ಒಳಗೊಳಗೇ ನಗುತ್ತಿದ್ದೆ. ಅವರಿಗೆ ಹೊತ್ತು ಎಂದರೆ ಏನು ಎಂಬುದು ಆಗ ನನಗೆ ತಿಳಿದಿರಲಿಲ್ಲ.

ಹೋದ ತಿಂಗಳು ಕಣಗಲಾದಿಂದ ಅವರ ಹೆಂಡತಿ ಫೋನ್ ಮಾಡಿ, ಸರ್ ಹೋದರು ಎಂದರು. ಮುಂಜಾನೆ ಅಂಗಳದಲ್ಲಿ ಅಡ್ಡಾಡುತ್ತಿದ್ದವರು ಒಳಗೆ ಬಂದು ನೀರು ಕೇಳಿದರಂತೆ, ನೀರು ತರುವಷ್ಟರಲ್ಲಿ ಇಲ್ಲ. ಆ ದಿನದಿಂದ ನನಗೂ ಒಂದು ಕಡೆ ಕೂತಿರಲು ಆಗುತ್ತಿಲ್ಲ. ಅಡಿಗೆಮನೆಗೆ ಹೋಗುತ್ತೇನೆ, ಯಾಕೆ ಬಂದೆ ಎಂಬುದು ಮರೆತು ಹೊರಗೆ ಬರುತ್ತೇನೆ. ಬರೆದರೆ ಸ್ವಲ್ಪ ತಣ್ಣಗಾಗಬಹುದು ಎಂದು ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ. ಬರೆದರೆ ಅವರಿಗೆ ಸೇರುತ್ತಿರಲಿಲ್ಲ.

ಅವರು ಊರಿನ ಒಂದು ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ಗಣಿತ ಕಲಿಸುತ್ತಿದ್ದರು. ಹುಕ್ಕೇರಿ ತಾಲೂಕಿನ ಕಣಗಲಾ ಅವರ ಊರು, ಜೈನ ಒಕ್ಕಲು ಮನೆತನ. ಮಾತಿನಲ್ಲಿ ಕನ್ನಡ ಮರಾಠಿ ಎರಡೂ ಹದವಾಗಿ ಬೆರೆತಿದ್ದವು. ಸಿಟ್ಟು ಬಂದರೆ ಮರಾಠಿ, ಗಣಿತ ಹೇಳುವಾಗ ಮಾತ್ರ ಶುದ್ಧ ಕನ್ನಡ. ವಾರವೆಲ್ಲ ಗೋಕಾಕದಲ್ಲಿ ಬಾಡಿಗೆ ಖೋಲಿ, ಶನಿವಾರ ಮಧ್ಯಾಹ್ನದ ಬಸ್ಸಿಗೆ ಊರು.

ಮೊದಲ ಸಲ ಬಂದಾಗ ಅವರ ಕೈಯಲ್ಲಿ ಒಂದು ದಪ್ಪ ನೋಟುಬುಕ್ಕು ಇತ್ತು. ತೊಂಬತ್ತರ ದಶಕದ ಕೊನೆಯ ದಿನಗಳು. ನಾನು ಲಗ್ನಪತ್ರಿಕೆ, ಅರ್ಜಿ, ಸಹಕಾರಿ ಸಂಘದ ವರದಿ ಇಂಥವನ್ನು ಟೈಪ್ ಮಾಡಿಕೊಂಡಿದ್ದವಳು.

"ಏನ್ರಿ ಬಾಯಾರ, ಮಾತೃಕೆ ಟೈಪ್ ಮಾಡ್ತೀರೇನ್ರಿ?" ಎಂದರು.

"ಹಂಗಂದ್ರ ಏನ್ರಿ ಸರ?"

ಅವರು ನೋಟುಬುಕ್ಕು ಬಿಚ್ಚಿ ತೋರಿಸಿದರು. ದೊಡ್ಡ ಕಂಸದೊಳಗೆ ಸಾಲಾಗಿ ನಿಲ್ಲಿಸಿದ ಅಂಕಿಗಳು. ಅಡ್ಡಲಾಗಿ ಇರುವುದಕ್ಕೆ ಅಡ್ಡಸಾಲು, ಉದ್ದಕ್ಕೆ ಇರುವುದಕ್ಕೆ ಕಂಬಸಾಲು ಎಂದು ವಿವರಿಸಿದರು. ಕೌಜಲಗಿ, ಮೂಡಲಗಿ ಕಡೆಯ ಹಳ್ಳಿಗಳಲ್ಲಿ ಕನ್ನಡ ಸಾಲಿ ಕಲಿತು ಬಂದ ಮಕ್ಕಳು ಕಾಲೇಜಿಗೆ ಬಂದೊಡನೆ ಇಂಗ್ಲಿಷ್ ಪುಸ್ತಕ ನೋಡಿ ಬೆದರುತ್ತಾರೆ, ಗಣಿತ ಬರದೆ ಅಲ್ಲ, ಭಾಷೆ ಬರದೆ ನಪಾಸಾಗುತ್ತಾರೆ, ಅವರಿಗಾಗಿ ಕನ್ನಡದಲ್ಲಿ ಒಂದು ಪುಸ್ತಕ ಬರೆಯುತ್ತಿದ್ದೇನೆ ಎಂದರು. ಊರಿನ ಮುದ್ರಣಾಲಯದವರು ಎರಡು ಪುಟ ಜೋಡಿಸಿ ಕೊಟ್ಟಿದ್ದರು. ಅದನ್ನೂ ತಂದಿದ್ದರು. ಕಂಸ ಒಂದು ಕಡೆ ಬಾಗಿತ್ತು, ಅಂಕಿಗಳು ದನ ನೀರಿಗೆ ಇಳಿದಂತೆ ದಿಕ್ಕಾಪಾಲಾಗಿ ನಿಂತಿದ್ದವು.

"ಇದ ನೋಡ್ರಿ. ಒಂದ ಅಂಕಿ ಬಾಜೂಕ ಸರದ್ರ ಪೂರಾ ಲೆಕ್ಕ ಸತ್ತಂಗ. ಓದೂ ಹುಡುಗ ತಾನ ದಡ್ಡ ಅನಕೋತಾನ."

ನನ್ನಲ್ಲಿದ್ದ ಸಾಫ್ಟ್‌ವೇರಿನಲ್ಲಿ ಪ್ರಯತ್ನಿಸಿದೆ. ಜಾಗ ಬಿಟ್ಟು ಬಿಟ್ಟು ಅಂಕಿ ಹೊಡೆದು ಒಂದು ಮಾತೃಕೆ ನಿಲ್ಲಿಸುವಷ್ಟರಲ್ಲಿ ಅರ್ಧ ತಾಸು ಹೋಯಿತು. ಪ್ರಿಂಟ್ ತೆಗೆದರೆ ಮತ್ತೆ ಸೊಟ್ಟ. ಸರ್ ಬೆನ್ನ ಹಿಂದೆ ನಡೆಯುತ್ತಲೇ ಇದ್ದರು. ನನಗೆ ಅಳು ಬರುವಂತಾಗಿ, "ಆಗೂದಿಲ್ರಿ ಸರ" ಎಂದೆ.

ಹದಿನೈದು ದಿನ ಬಿಟ್ಟು ಎಂಟು ಫ್ಲಾಪಿ ಹಿಡಿದು ಬಂದರು. ಪುಣೆಯಲ್ಲಿ ಓದುತ್ತಿದ್ದ ಅಕ್ಕನ ಮಗ ತುಂಬಿಕೊಟ್ಟದ್ದಂತೆ. ಲೇಟೆಕ್ ಎಂಬ ಸಾಫ್ಟ್‌ವೇರ್, ಗಣಿತ ಅಚ್ಚು ಮಾಡುವವರು ಬಳಸುವಂಥದ್ದು. ಎಂಟರಲ್ಲಿ ಆರನೆಯ ಫ್ಲಾಪಿ ತೆರೆಯಲಿಲ್ಲ. ಇನ್ನೊಬ್ಬರಾಗಿದ್ದರೆ ಪತ್ರ ಬರೆದು ಕಾಯುತ್ತಿದ್ದರು. ಇವರು ಆ ಶನಿವಾರ ಊರಿಗೆ ಹೋದವರು ಮನೆಗೇ ಹೋಗದೆ, ಹೆದ್ದಾರಿಯಲ್ಲೇ ಪುಣೆ ಬಸ್ಸು ಹತ್ತಿ, ಸೋಮವಾರ ಮುಂಜಾನೆ ಅಂಗಿಯ ಜೇಬಿನಲ್ಲಿ ಒಂದೇ ಒಂದು ಫ್ಲಾಪಿ ಇಟ್ಟುಕೊಂಡು ನನ್ನ ಅಂಗಡಿಯ ಮುಂದೆ ನಿಂತಿದ್ದರು.

ಅಲ್ಲಿಂದ ನನ್ನ ಕಲಿಕೆ ಶುರುವಾಯಿತು. ಈ ಲೇಟೆಕ್ಕಿನಲ್ಲಿ ಮಾತೃಕೆಯನ್ನು ನಿಲ್ಲಿಸುವ ಕೆಲಸ ನಮ್ಮದಲ್ಲ. ನಾವು ಬರೀ ಹೇಳಿ ಬರೆಯಬೇಕು, ನಿಲ್ಲಿಸುವುದು ಅದರ ಪಾಡು. ಮೊದಲು ಒಂದು ಓರೆಗೀಟು ಹಾಕಿ ‘ಬಿಗಿನ್’ ಎನ್ನಬೇಕು, ಪುಷ್ಪಾವರಣದೊಳಗೆ ‘ಪಿಮ್ಯಾಟ್ರಿಕ್ಸ್’ ಎನ್ನಬೇಕು. ಆಮೇಲೆ ಅಂಕಿಗಳು. ಒಂದು ಅಂಕಿಗೂ ಮುಂದಿನ ಅಂಕಿಗೂ ನಡುವೆ ಕೀಬೋರ್ಡಿನ ಏಳರ ಮೇಲಿರುವ ಸುರುಳಿ ಚಿಹ್ನೆ. ಸಾಲು ಮುಗಿದರೆ ಎರಡು ಓರೆಗೀಟು. ಎಲ್ಲ ಮುಗಿದ ಮೇಲೆ ‘ಎಂಡ್’. ಆ ಸುರುಳಿ ಚಿಹ್ನೆಗೆ ಏನೋ ಉದ್ದನೆಯ ಇಂಗ್ಲಿಷ್ ಹೆಸರಿತ್ತು, ನನ್ನ ನಾಲಿಗೆಗೆ ಹತ್ತಲಿಲ್ಲ. "ಜಿಲೇಬಿ ಇದ್ದಂಗ ಐತ್ರಿ ಸರ" ಎಂದೆ. ಅವರು ಮೊದಲ ಸಲ ಬಾಯಿ ತುಂಬ ನಕ್ಕರು. ಅಂದಿನಿಂದ ನಮ್ಮಿಬ್ಬರಿಗೂ ಅದು ಜಿಲೇಬಿಯೇ. ಅಂದಿನಿಂದಲೇ ನಾನು ‘ಬಾಯಾರ’ ಹೋಗಿ ‘ತಂಗಿ’ ಆದೆ.

"ಎರಡು, ಜಿಲೇಬಿ, ಒಂದು, ಸಾಲು. ಐದು, ಜಿಲೇಬಿ, ಮೂರು. ಎಂಡ್," ಎಂದು ಅವರು ನಡೆಯುತ್ತಾ ಹೇಳುವರು. ನಾನು ಹೊಡೆಯುವೆನು. ಒಂದು ಎಂಡ್ ಮರೆತರೆ ಆ ಸಾಫ್ಟ್‌ವೇರು ಪರದೆಯ ತುಂಬ ತಕರಾರು ಬರೆದು ಕೆಲಸ ನಿಲ್ಲಿಸಿಬಿಡುತ್ತಿತ್ತು. ಸರಿ ಇದ್ದರೆ ಮಾತ್ರ ಪ್ರಿಂಟರಿನಿಂದ ಮಾತೃಕೆ ಹೊರಬರುವ ಚಂದವೇ ಬೇರೆ. ಕಂಸ ತಾನಾಗಿ ಎತ್ತರಕ್ಕೆ ಬೆಳೆದು, ಅಂಕಿಗಳೆಲ್ಲ ಕಂಬಕ್ಕೆ ಕಂಬ, ಸಾಲಿಗೆ ಸಾಲು ಕೂತಿರುತ್ತಿದ್ದವು. ಕನ್ನಡ ಬರಹವನ್ನು ಬೇರೆ ಸಾಫ್ಟ್‌ವೇರಿನಲ್ಲಿ ಹೊಡೆದು, ಎರಡನ್ನೂ ಬ್ಲೇಡಿನಿಂದ ಕತ್ತರಿಸಿ, ಒಂದೇ ಹಾಳೆಯ ಮೇಲೆ ಗೋಂದು ಹಚ್ಚಿ ಅಂಟಿಸುತ್ತಿದ್ದೆ. ಆ ಹಾಳೆಯನ್ನೇ ಮುಂದೆ ಮುದ್ರಣಕ್ಕೆ ಕೊಡುವುದು.

ಅವರ ಕೆಲವು ನಡತೆ ನನಗೆ ವಿಚಿತ್ರ ಎನಿಸುತ್ತಿತ್ತು. ಬಿಳಿ ಪರದೆ ಕಂಡರೆ ಮುಖ ಕಿವುಚುವರು. ಲೇಟೆಕ್ ಬರೆಯುವ ಕಪ್ಪು ಪರದೆಯ ಬಿಳಿ ಅಕ್ಷರ ಮಾತ್ರ ಅವರಿಗೆ ಇಷ್ಟ. ಬಾಗಿಲ ಪಕ್ಕದ ಸ್ಟೂಲು ಎಷ್ಟು ಸಲ ಎಡವಿದರೋ ಲೆಕ್ಕವಿಲ್ಲ, ಎಡವಿದಾಗಲೆಲ್ಲ ಸ್ಟೂಲಿಗೇ ಮರಾಠಿಯಲ್ಲಿ ಬೈಯುವರು. ಹೊತ್ತು ಇಳಿಯುತ್ತಿದ್ದಂತೆ ಯಾವ ಕೆಲಸ ಅರ್ಧಕ್ಕಿದ್ದರೂ ಬಿಟ್ಟು ಹೊರಟುಬಿಡುವರು. ಜೈನರು ಸೂರ್ಯ ಮುಳುಗುವ ಮುನ್ನ ಉಣ್ಣುತ್ತಾರೆ, ಅದಕ್ಕೇ ಎಂದು ನಾನೂ ತಿಳಿದಿದ್ದೆ, ಕಾಲೇಜಿನವರೂ ತಿಳಿದಿದ್ದರು. ಅವರು ಯಾರ ತಿಳಿವಳಿಕೆಯನ್ನೂ ತಿದ್ದಲು ಹೋಗಿರಲಿಲ್ಲ.

ಒಂದು ಮಧ್ಯಾಹ್ನ ಮುಗಿಲು ಕಪ್ಪಾಗಿ ಕವಿದುಕೊಂಡಿತು. ಅಷ್ಟರಲ್ಲಿ ಕರೆಂಟೂ ಹೋಯಿತು. ಅಂಗಡಿ ಕತ್ತಲಾಯಿತು, ಆದರೆ ಏನೂ ಕಾಣದಂಥ ಕತ್ತಲಲ್ಲ. ನನಗೆ ಮೇಜು, ಗೋಡೆ, ಅವರ ಬಿಳಿ ಅಂಗಿ ಎಲ್ಲ ಕಾಣುತ್ತಿದ್ದವು. ನಡೆಯುತ್ತಿದ್ದ ಸರ್ ನಡುವೆಯೇ ಗಕ್ಕನೆ ನಿಂತರು. ಅಂಗೈ ಮುಂದೆ ಚಾಚಿ ಗಾಳಿಯಲ್ಲಿ ಏನೋ ಹುಡುಕತೊಡಗಿದರು. ನಾನು ಹತ್ತಿರ ಹೋಗಿ ನನ್ನ ಕೈ ಚಾಚಿದೆ. ಅವರ ಕೈ ನನ್ನ ಕೈಯ ಪಕ್ಕದಿಂದ ದಾಟಿ ಹೋಗಿ ಕಾಗದದ ಕಟ್ಟನ್ನು ಕೆಡವಿತು.

"ಸರ, ನಿಮಗ ಕಾಣವಲ್ದೇನ್ರಿ?" ಎಂದೆ.

ಅವರು ಗೋಡೆ ಹುಡುಕಿ ಹಿಡಿದರು. ಆಮೇಲೆ, "ನಮ್ಮ ಸ್ವಾದರ ಮಾವಗೂ ಹಿಂಗ ಆಗಿತ್ತು ತಂಗಿ," ಎಂದರು. "ಮೊದಲ ಇರುಳಿನ್ಯಾಗ ಕಾಣೂದ ಹೋತು. ಈಗ ಹಗಲಿನ್ಯಾಗೂ ಕೊಳವಿ ಹಚ್ಚಿ ನೋಡಿದಂಗ ಆಗೈತಿ. ನಡಬರಕ ಇದ್ದದ್ದು ಚೊಕ್ಕ ಕಾಣತೈತಿ. ಎಡಕ, ಬಲಕ ಏನೂ ಇಲ್ಲ. ಮಿರಜದ ದವಾಖಾನಿಗೆ ಹೋಗಿ ತೋರಿಸಿದೆ. ಔಷಧ ಇಲ್ಲಂತ. ಎರಡ ವರ್ಷ ಅಂದ್ರೂ ಅಂದ್ರು, ಹತ್ತ ಅಂದ್ರೂ ಅಂದ್ರು."

ಹೊರಗೆ ಮಳೆ ಹೊಡೆಯತೊಡಗಿತು. ಅವರು ಗೋಡೆ ಹಿಡಿದು ನಿಂತೇ ಹೇಳಿದರು: "ಮಾತೃಕೆ ಅಂದ್ರ ಒಮ್ಮೆಲೆ ಪೂರಾ ನೋಡಬೇಕಾದ್ದು. ನನಗ ಒಂದೊಂದ ಅಂಕಿ ಕಾಣತೈತಿ. ಖರೆ, ಈ ಬರಿಯೂ ರೀತಿಯೊಳಗ ಎಲ್ಲಾ ಒಂದರ ಹಿಂದ ಒಂದ ಬರತಾವ ನೋಡು. ನಾಳೆ ಕಣ್ಣ ಪೂರಾ ಹೋದ್ರೂ ನಾ ಹೇಳಬಹುದು, ಯಾರರೆ ಓದಿದ್ರ ಕಿವಿಲೆ ತಿಳಕೋಬಹುದು. ಅದಕ್ಕ ಇದರ ಬೆನ್ನ ಹತ್ತೇನಿ."

ಅವಸರಕ್ಕೆ, ನಡಿಗೆಗೆ, ಎರಡು ಗುಟುಕಿನ ಚಹಾಕ್ಕೆ ಆಗ ನನಗೆ ಅರ್ಥ ಸಿಕ್ಕಿತು.

"ಯಾರಿಗೂ ಹೇಳಬ್ಯಾಡ. ಗೊತ್ತಾದ್ರ ಮನಿಗೆ ಕಳಸ್ತಾರ. ಪುಸ್ತಕ ಮುಗೀಲಿ, ನಾನ ಹೇಳತೀನಿ," ಎಂದರು. ನಾನು ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಅದೇನೂ ದೊಡ್ಡ ಮಾತು ಎನ್ನಿಸಲಿಲ್ಲ ಆಗ.

ಮುಂದಿನ ಬೇಸಿಗೆಗೆ ಪಿಯುಸಿ ಮೊದಲ ವರ್ಷದ ಪರೀಕ್ಷೆ ಮುಗಿದು, ಉತ್ತರಪತ್ರಿಕೆ ತಿದ್ದುವ ಹೊತ್ತು ಬಂತು. ಮೊದಲ ವರ್ಷದ ಪತ್ರಿಕೆಗಳನ್ನು ಕಾಲೇಜಿನವರೇ ತಿದ್ದುವುದು. ಖೋಲಿಯಲ್ಲಿ ಬೆಳಕು ಸಾಲದೆಂದು ಸರ್ ನನ್ನ ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ನಿಂತು ತಿದ್ದುತ್ತಿದ್ದರು. ಹಾಳೆ ಮೂಗಿಗೆ ತಾಗುವಷ್ಟು ಹತ್ತಿರ. ಒಂದು ಪತ್ರಿಕೆಯ ಹಾಳೆಯನ್ನು ಯಾರೋ ನಡುವೆ ಗೀಟು ಎಳೆದು ಎರಡು ಭಾಗ ಮಾಡಿ, ಎಡಕ್ಕೂ ಬಲಕ್ಕೂ ಲೆಕ್ಕ ಬಿಡಿಸಿದ್ದರು. ಸರ್ ಎಡಭಾಗದ ಕೆಳಗಿನವರೆಗೆ ಬಂದು, ಕೆಂಪು ಮಸಿಯಲ್ಲಿ ಅಂಕ ಬರೆದು, ಹಾಳೆ ತಿರುಗಿಸಿಬಿಟ್ಟರು. ನಾನು ನೋಡಿದೆ. ಬಲಭಾಗ ನೋಡಿದರೋ ಇಲ್ಲವೋ ಎಂದು ಒಂದು ಕ್ಷಣ ಅನುಮಾನ ಬಂತು. ಕೇಳೋಣ ಎಂದು ಬಾಯಿ ತೆರೆಯುವಷ್ಟರಲ್ಲಿ ಲಗ್ನಪತ್ರಿಕೆಯವರು ಬಂದರು. ಸರಿಯಾಗಿಯೇ ನೋಡಿರುತ್ತಾರೆ, ಗಣಿತ ಬಲ್ಲವರು ಅವರು, ನಾನಲ್ಲ ಎಂದು ಸುಮ್ಮನಾದೆ.

ಫಲಿತಾಂಶ ಬಂದ ಎರಡನೆಯ ದಿನ ಮೂಡಲಗಿಯ ಒಬ್ಬ ಹುಡುಗಿ ತಂದೆಯೊಡನೆ ನನ್ನ ಅಂಗಡಿಗೆ ಬಂದಳು. ಹೆಸರು ಶೋಭಾ. ತಂದೆ ಬೆಲ್ಲದ ವ್ಯಾಪಾರಿ. ಪ್ರಾಚಾರ್ಯರಿಗೆ ಒಂದು ಅರ್ಜಿ ಟೈಪ್ ಮಾಡಿಕೊಡಬೇಕಿತ್ತು. ತಂದೆ ಬಾಗಿಲಲ್ಲೇ ನಿಂತು, "ಲಗೂ ಮಾಡ್ರಿ, ಬಸ್ಸಿನ ಹೊತ್ತಾತು," ಎಂದರು. ಹುಡುಗಿ ಮಾತ್ರ ನನ್ನ ಪಕ್ಕದಲ್ಲಿ ಗಟ್ಟಿಯಾಗಿ ನಿಂತು ಹೇಳಿ ಬರೆಸಿದಳು.

"ಅಕ್ಕಾರ, ಗಣಿತದಾಗ ನಾ ನಪಾಸ ಆಗಾಕ ಸಾಧ್ಯ ಇಲ್ರಿ. ನಾ ಎಲ್ಲಾ ಬಿಡಿಸೇನಿ. ಹಾಳೆ ಸಾಲೂದಿಲ್ಲ ಅಂತ ನಡಬರಕ ಗೀಟ ಹೊಡದು, ಎಡಕ ಅರ್ಧ, ಬಲಕ ಅರ್ಧ ಬರದೇನಿ. ಹಂಗ ಬರೀರಿ ಅರ್ಜಿಯೊಳಗ."

ನನ್ನ ಬೆರಳು ಕೀಬೋರ್ಡಿನ ಮೇಲೆ ನಿಂತುಬಿಟ್ಟವು. ಆಮೇಲೆ ಹೊಡೆದೆ. ಪ್ರತಿಯೊಂದು ಅಕ್ಷರ ಹೊಡೆಯುವಾಗಲೂ ಹೇಳಬೇಕು, ಹೇಳಬೇಕು ಎನ್ನಿಸುತ್ತಿತ್ತು. ಹೇಳಲಿಲ್ಲ. ಪ್ರಿಂಟ್ ತೆಗೆದು ಕೊಟ್ಟೆ. ಸರ್ ಆಗ ರಜೆಗೆ ಊರಿಗೆ ಹೋಗಿದ್ದರು. ಕಾಲೇಜಿನಲ್ಲಿ ಅರ್ಜಿ ತೆಗೆದುಕೊಂಡವರು, "ಆ ಸರ್ ತಿದ್ದಿದ್ದು ತಪ್ಪಾಗೂದುಂಟೇನು?" ಎಂದು ಹೇಳಿ ಬದಿಗಿಟ್ಟರೆಂದು ಆಮೇಲೆ ತಿಳಿಯಿತು. ಅವರಿಗಿದ್ದ ಒಳ್ಳೆಯ ಹೆಸರೇ ಆ ಹುಡುಗಿಗೆ ಅಡ್ಡ ಬಂತು. ಸಾಲಿ ಸಾಕು ಎಂದು ತಂದೆ ಅವಳನ್ನು ಹೊಲಿಗೆ ಕಲಿಯಲು ಹಾಕಿದರು.

ಆ ಬೇಸಿಗೆ ನಾನು ಹೇಗೆ ಕಳೆದೆ ಎಂದು ಹೇಳಲಾರೆ. ಕಣಗಲಾಕ್ಕೆ ಪತ್ರ ಬರೆಯಲು ಕೂತೆ, ಹರಿದೆ. ಹುಕ್ಕೇರಿಯವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿ ಇಳಿದು, ಏನೆಂದು ಹೇಳಲಿ ಎಂದು ಹೆದರಿ ವಾಪಸು ಬಂದೆ. ಜೂನಿನಲ್ಲಿ ಸರ್ ಮೊದಲ ದಿನ ಅಂಗಡಿಗೆ ಬಂದು, "ಎಂಟನೇ ಅಧ್ಯಾಯ ತಗಿ ತಂಗಿ," ಎಂದಾಗ, ನಾನು ಕಂಪ್ಯೂಟರ್ ಆರಿಸಿ ಎಲ್ಲವನ್ನೂ ಹೇಳಿಬಿಟ್ಟೆ.

ಅವರು ಹೊರಗೆ ಹೋದರು. ಒಂದು ತಾಸಿನಲ್ಲಿ ಕಾಲೇಜಿನಿಂದ ಉತ್ತರಪತ್ರಿಕೆಯ ಕಟ್ಟು ಹೊತ್ತು ಬಂದು, ಶೋಭಾಳದನ್ನು ಹುಡುಕಿಸಿ, "ಬಲಕಿನದು ಓದು," ಎಂದರು. ನಾನು ಓದತೊಡಗಿದೆ. ಮಾತೃಕೆಗಳನ್ನು ಓದಲು ಆಗ ನನಗೆ ಅವರೇ ಕಲಿಸಿದ್ದ ರೀತಿಯೇ ಗೊತ್ತಿದ್ದದ್ದು. ಮೂರು, ಜಿಲೇಬಿ, ಸೊನ್ನೆ, ಜಿಲೇಬಿ, ಒಂದು, ಸಾಲು. ಅವರು ಬೆರಳ ಮೇಲೆ ಎಣಿಸುತ್ತಾ ಕೇಳಿದರು. ಒಂದು ಲೆಕ್ಕ ಮುಗಿದಾಗ "ಬರೋಬರಿ" ಎಂದರು. ಎರಡನೆಯದಕ್ಕೂ "ಬರೋಬರಿ." ಐದನೆಯ ಹಾಳೆಗೆ ಬರುವಷ್ಟರಲ್ಲಿ ಆ ಶಬ್ದ ಬಿಟ್ಟು, ಲೆಕ್ಕಕ್ಕೊಂದು ಬೆರಳು ಮಡಚುತ್ತಿದ್ದರು. ಹುಡುಗಿ ತರಗತಿಗೇ ಮೊದಲು ಬರಬೇಕಿತ್ತು.

ಮರುದಿನ ಅವರು ಪ್ರಾಚಾರ್ಯರಿಗೆ ಬರೆದುಕೊಟ್ಟರು. ಕಣ್ತಪ್ಪಿನಿಂದ ಎಂದು ಬರೆದರೆ ಸಾಕು, ಮುಂದಿನದು ನಾನು ನೋಡಿಕೊಳ್ಳುತ್ತೇನೆ ಎಂದು ಪ್ರಾಚಾರ್ಯರು ಹೇಳಿದರಂತೆ. ಸರ್ ಒಪ್ಪಲಿಲ್ಲ. ತಮ್ಮ ಕಣ್ಣಿಗೆ ಆಗಿರುವುದನ್ನು, ಅದು ಯಾವಾಗಿನಿಂದ ತಮಗೆ ಗೊತ್ತಿತ್ತು ಎಂಬುದನ್ನು ಬರೆದರು. ಆ ಸಲ ತಾವು ತಿದ್ದಿದ ಎಲ್ಲ ಪತ್ರಿಕೆಗಳನ್ನೂ ಬೇರೆಯವರಿಂದ ಮತ್ತೆ ತಿದ್ದಿಸಿ ಎಂದರು. ಆ ಪತ್ರವನ್ನು ನಾನೇ ಟೈಪ್ ಮಾಡಿದೆ. ನನ್ನ ಹೆಸರು ಅದರಲ್ಲಿ ಎಲ್ಲೂ ಬರಲಿಲ್ಲ. "ನಂದೂ ಹಾಕ್ರಿ ಸರ," ಎಂದರೆ, "ನೀ ಮಾತು ಉಳಿಸಿಕೊಂಡಾಕಿ. ನಾ ಮಾತು ತಗೊಂಡಾವ," ಎಂದರು.

ಆ ಭಾನುವಾರ ಇಬ್ಬರೂ ಮೂಡಲಗಿಗೆ ಹೋದೆವು. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಅವರು ಕಂಬ ಹಿಡಿದು ನಿಂತೇ ಬಂದರು. ಶೋಭಾಳ ತಂದೆ ನಮ್ಮನ್ನು ಕಂಡು ಗಡಬಡಿಸಿ, ಜಮಖಾನೆ ಹಾಸಿ, "ಬರ್ರಿ ಸರ, ಬರ್ರಿ," ಎಂದು ಒಳಗೆ ಕರೆದರು. ಸರ್ ಅಂಗಳದಲ್ಲೇ ಕೈ ಮುಗಿದು ನಿಂತು, ಆದದ್ದನ್ನು ಹೇಳಿದರು. ತಂದೆ, "ಇರ್ಲಿ ಬಿಡ್ರಿ ಸರ, ದೊಡ್ಡವ್ರು ನೀವು, ಹಿಂಗ ಬಂದು ನಿಂದರಬಾರದು," ಎನ್ನುತ್ತಲೇ ಇದ್ದರು. ಶೋಭಾ ಒಳಗಿನಿಂದ ಬಂದು ಬಾಗಿಲ ಚೌಕಟ್ಟಿಗೆ ಒರಗಿ ಎಲ್ಲ ಕೇಳಿದಳು. ಅಳಲಿಲ್ಲ. ಸಿಟ್ಟೂ ಮಾಡಲಿಲ್ಲ.

"ಸರ, ನಿಮಗ ಕಾಣೂದಿಲ್ಲ ಅನ್ನೂದು ನಿಮಗ ಗೊತ್ತಿತ್ತಲ್ರಿ?" ಎಂದಳು.

"ಗೊತ್ತಿತ್ತವಾ."

"ಮತ್ತ ನನ್ನ ಪೇಪರ್ ಯಾಕ ಹಿಡದ್ರಿ?"

ಸರ್ ತುಟಿ ಅಲುಗಿದವು. ಮಾತು ಬರಲಿಲ್ಲ. ತಂದೆ ಗದರಿಸಲು ಹೋದರು, ಸರ್ ಕೈ ಎತ್ತಿ ತಡೆದರು. ಹುಡುಗಿ ನನ್ನ ಕಡೆ ತಿರುಗಿದಳು.

"ಅಕ್ಕಾರ, ನನ್ನ ಅರ್ಜಿ ಟೈಪ್ ಮಾಡಿದವ್ರು ನೀವ. ನಿಮಗೂ ಗೊತ್ತಿತ್ತೇನ್ರಿ ಆವತ್ತ?"

ನಾನು ಹೌದೆಂದು ತಲೆ ಆಡಿಸಿದೆ. ಅವಳು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ. ನಾವು ಚಹಾ ಕುಡಿಯದೆ ಹೊರಟೆವು.

ಫಲಿತಾಂಶ ತಿದ್ದುಪಡಿಯಾಯಿತು. ಉಳಿದವರಲ್ಲಿ ಇನ್ನಿಬ್ಬರ ಅಂಕ ಹೆಚ್ಚಾದವು, ಅವರು ಮೊದಲೇ ಪಾಸಾಗಿದ್ದರು. ಕಾಲೇಜಿನವರು ಶೋಭಾಳನ್ನು ಎರಡನೆಯ ವರ್ಷಕ್ಕೆ ಕರೆದರು. ಹೊಲಿಗೆ ಯಂತ್ರ ತಂದದ್ದಾಗಿದೆ, ಈ ವರ್ಷ ಬೇಡ ಎಂದು ತಂದೆ ಹೇಳಿ ಕಳಿಸಿದರು. ಸರ್ ಇನ್ನೂ ಎರಡು ಸಲ ಮೂಡಲಗಿಗೆ ಹೋಗಿ ತಂದೆಯ ಅಂಗಡಿಯಲ್ಲಿ ಬೆಲ್ಲದ ಪೆಂಟೆಗಳ ನಡುವೆ ನಿಂತು ಬೇಡಿಕೊಂಡರು. ಅದು ನನಗೆ ಅವರಿಂದ ತಿಳಿದದ್ದಲ್ಲ, ಬಸ್ಸಿನ ಕಂಡಕ್ಟರ್ ಹೇಳಿದ್ದು. "ನಿಮ್ಮ ಸರ್ ಮೂಡಲಗ್ಯಾಗ ಇಳಿಯೂ ಮುಂದ ಕೈ ಹಿಡದ ಇಳಸಬೇಕಾತ್ರಿ," ಎಂದ.

ಕಾಲೇಜು ಅವರನ್ನು ಕಳಿಸಲಿಲ್ಲ. ಅವರೇ ಬಿಟ್ಟರು. ಆ ವರ್ಷ ಮುಗಿಯುವವರೆಗೆ ಪಾಠ ಮಾಡಿದರು, ಬೋರ್ಡಿನ ಮೇಲೆ ಮಕ್ಕಳೇ ಬರೆಯುವುದು, ಇವರು ಹೇಳುವುದು. ಆಮೇಲೆ ರಾಜೀನಾಮೆ ಕೊಟ್ಟರು. ಆದರೆ ಗೋಕಾಕದ ಖೋಲಿ ಬಿಡಲಿಲ್ಲ. ಪುಸ್ತಕ ಮುಗಿಯಬೇಕಿತ್ತು. ಆಗ ಅವರ ಅವಸರ ಇನ್ನೂ ಹೆಚ್ಚಿತು. ಒಂದು ಕೋಲು ಬಂತು, ಐದು ಹೆಜ್ಜೆ ನಾಲ್ಕಾದವು. ಹೇಳುತ್ತಾ ಹೇಳುತ್ತಾ ನಡುವೆ ನಿಂತು, "ತಂಗಿ, ಆಕಿ ಕೇಳಿದ್ದಕ್ಕ ಏನ ಹೇಳಬೇಕಿತ್ತ ನಾ?" ಎನ್ನುವರು. ಮೊದಮೊದಲು ನಾನು ಏನಾದರೂ ಸಮಾಧಾನ ಹೇಳುತ್ತಿದ್ದೆ. ಅವರಿಗೆ ಬೇಕಾದದ್ದು ಸಮಾಧಾನವಲ್ಲ ಎಂದು ತಿಳಿದ ಮೇಲೆ ಸುಮ್ಮನಿರುತ್ತಿದ್ದೆ. ಒಂದು ದಿನ ತಾವೇ ಹೇಳಿದರು: "ಹೆದರಿಕೆ ಆಗಿತ್ತು ಅಂತ ಹೇಳಬೇಕಿತ್ತು. ಅಷ್ಟ. ಅದೊಂದ ಮಾತು ಬಾಯಾಗ ಬರಲಿಲ್ಲ ನೋಡು."

ಮುಂದಿನದನ್ನು ಮೊದಲೇ ಹೇಳಿಬಿಡುತ್ತೇನೆ. ಪುಸ್ತಕ ಅಚ್ಚಾಯಿತು. ನೂರಾ ಅರವತ್ತು ಪುಟ, ಬೂದುಬಣ್ಣದ ರಕ್ಷಾಪುಟ. ಊರಿಗೆ ಹೋದ ಮೇಲೂ ಅವರು ಸುಮ್ಮನೆ ಕೂರಲಿಲ್ಲ. ಹೆದ್ದಾರಿ ಬದಿಯ ಆ ಮನೆಯ ಪಡಸಾಲೆಯಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟರು. ಒಬ್ಬರು ಓದುವುದು, ಅವರು ಕೇಳುವುದು, ತಪ್ಪಿದ ಕಡೆ ಕೋಲಿನಿಂದ ನೆಲ ಕುಟ್ಟುವುದು. ನಾನು ವರ್ಷಕ್ಕೊಮ್ಮೆ ಹೋಗುತ್ತಿದ್ದೆ. ನನ್ನ ಹೆಜ್ಜೆ ಸಪ್ಪಳಕ್ಕೇ "ತಂಗಿ ಬಂದ್ಲು" ಎನ್ನುವರು. ಕಣ್ಣು ಪೂರ್ತಿ ಹೋದದ್ದು ಯಾವಾಗ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಾನು ಹೇಳಬೇಕೆಂದಿರುವುದು ಪುಸ್ತಕ ಇನ್ನೂ ಅಂಟಿಸಿದ ಹಾಳೆಗಳಲ್ಲಿ ಇದ್ದಾಗಿನ ಒಂದು ದಿನದ ಮಾತು. ಸರ್ ಕಾಲೇಜು ಬಿಟ್ಟ ವರ್ಷದ ಮಳೆಗಾಲ. ಅವರ ಜಾಗಕ್ಕೆ ಬಂದ ಹೊಸ ಶಿಕ್ಷಕರು ಪುಸ್ತಕದ ಕರಡನ್ನು ಝೆರಾಕ್ಸ್ ಮಾಡಿಸಿ ಮಕ್ಕಳಿಗೆ ಕೊಟ್ಟಿದ್ದರು. ಮುಂಜಾನೆ ಸರ್ ಬಾಗಿಲಿಗೆ ಬೆನ್ನು ಮಾಡಿ ನಿಂತು ಕೊನೆಯ ಅಧ್ಯಾಯ ಹೇಳುತ್ತಿದ್ದರು. ಒಂದು ಹುಡುಗಿ ಛತ್ರಿ ಮಡಚಿ ಮೆಟ್ಟಿಲು ಹತ್ತಿದಳು. ಶೋಭಾ.

ನಾನು ಕುರ್ಚಿಯಿಂದ ಅರ್ಧ ಎದ್ದೆ. ಅವಳು ಸರ್ ಕಡೆ ಒಮ್ಮೆ ನೋಡಿ, ಅವರನ್ನು ಬಳಸಿಕೊಂಡು ಬಂದು, ನನ್ನ ಮೇಜಿನ ಮೇಲೆ ಒಂದು ಝೆರಾಕ್ಸ್ ಹಾಳೆ ಇಟ್ಟಳು. ಒಂದು ವರ್ಷ ಹೋದ ಮೇಲೆ ಮತ್ತೆ ಕಾಲೇಜಿಗೆ ಸೇರಿದ್ದಳು. ತಂದೆಯನ್ನು ಒಪ್ಪಿಸಿದ್ದು ಸರ್ ಅಲ್ಲ, ಅವಳೇ.

"ಯಾರು ಬಂದಾರ?" ಎಂದರು ಸರ್.

ನಾನು ಬಾಯಿ ತೆರೆಯುವ ಮೊದಲೇ ಅವಳು, "ನಾನ್ರಿ, ಶೋಭಾ. ಮೂಡಲಗಿ," ಎಂದಳು.

ಸರ್ ಕೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಏನವಾ?"

"ಪುಸ್ತಕದಾಗ ತಪ್ಪೈತ್ರಿ. ಮೂವತ್ತೊಂದನೇ ಪುಟ."

"ಓದು."

ಅವಳು ಓದಿದಳು. ಮೂರು ಕಂಬದ ಮಾತೃಕೆ. ಮೊದಲ ಸಾಲಿನಲ್ಲಿ ಇಪ್ಪತ್ತೊಂದು, ನಾಲ್ಕು, ಮೂರನೆಯ ಜಾಗ ಖಾಲಿ. ನಾನು ಕಂಪ್ಯೂಟರಿನಲ್ಲಿ ಅದನ್ನೇ ತೆಗೆದು ನೋಡಿದೆ. ಎರಡಕ್ಕೂ ಒಂದಕ್ಕೂ ನಡುವೆ ಜಿಲೇಬಿ ಬಿಟ್ಟುಹೋಗಿತ್ತು. ಅವೆರಡೂ ಕೂಡಿಕೊಂಡು ಇಪ್ಪತ್ತೊಂದಾಗಿ, ನಾಲ್ಕು ಪಕ್ಕದ ಕಂಬಕ್ಕೆ ಸರಿದಿತ್ತು. ತಪ್ಪು ಮಾಡಿದ್ದು ನನ್ನ ಬೆರಳು.

"ಹೌದು, ತಪ್ಪೈತಿ," ಎಂದರು ಸರ್.

"ಇನ್ನೂ ಇರಬೇಕ್ರಿ. ನಾ ಬರೇ ನಲವತ್ತ ಪುಟ ನೋಡೇನಿ."

ಸರ್ ಅವಳ ದನಿ ಬಂದ ಕಡೆ ತಿರುಗಿ, "ಆವತ್ತ ನೀ ಕೇಳಿದಿ," ಎಂದರು. "ನನಗ ಹೆದರಿಕಿ ಆಗಿತ್ತವಾ. ನೌಕರಿ ಹೋಗತೈತಿ ಅಂತ ಹೆದರಿದ್ದೆ. ಅದಕ್ಕ ಹಿಡದೆ ನಿನ್ನ ಪೇಪರ್."

ಶೋಭಾ ಹಾಳೆಯ ಅಂಚನ್ನು ಬೆರಳಿನಿಂದ ತೀಡುತ್ತಾ ನಿಂತಳು.

"ಸಿಟ್ಟ ಇನ್ನೂ ಐತ್ರಿ ನನಗ," ಎಂದಳು ಕೊನೆಗೆ. "ನಾ ನಿಮ್ಮ ಸಲುವಾಗಿ ಬಂದಿಲ್ಲ. ಇದನ್ನ ಓದಾವ್ರ ಸಲುವಾಗಿ ಬಂದೇನಿ."

"ಅಷ್ಟ ಸಾಕು," ಎಂದರು ಸರ್.

ಅವಳು ಸ್ಟೂಲು ಎಳೆದುಕೊಂಡು ಕೂತು ನಲವತ್ತೊಂದನೆಯ ಪುಟದಿಂದ ಓದತೊಡಗಿದಳು. ಕಾಲೇಜಿನ ಹೊತ್ತಾಗುವವರೆಗೆ ಓದಿದಳು. ಇನ್ನೂ ಎರಡು ತಪ್ಪು ಸಿಕ್ಕವು. ಒಂದು ನನ್ನದು, ಒಂದು ಸರ್‌ದು. ಹೊರಡುವಾಗ ಛತ್ರಿ ಬಿಚ್ಚುತ್ತಾ, ಸರ್ ಕಡೆ ನೋಡದೆ, "ಅಕ್ಕಾರ, ನಾಳೆ ಅಂಗಡಿ ಎಷ್ಟಕ್ಕ ತಗೀತೀರಿ?" ಎಂದು ನನ್ನನ್ನು ಕೇಳಿದಳು.

"ಒಂಬತ್ತಕ್ಕ," ಎಂದೆ.

ಮರುದಿನ ಎಂಟೂವರೆಗೆಲ್ಲ ಮನೆ ಬಿಟ್ಟೆ. ಓಣಿಯ ತಿರುವಿಗೆ ಬಂದಾಗಲೇ ದನಿ ಕೇಳಿಸಿತು. ಮುಚ್ಚಿದ ಶಟರ್ ಮುಂದೆ, ಮೇಲಿನ ಮಹಡಿಯ ಸಜ್ಜೆಯ ಕೆಳಗೆ, ಇಬ್ಬರೂ ಮಳೆಯಿಂದ ತಪ್ಪಿಸಿಕೊಂಡು ನಿಂತಿದ್ದರು. ಅವಳು ಓದುತ್ತಿದ್ದಳು. ಅವರು ಕಿವಿ ಕೊಟ್ಟು ಕೇಳುತ್ತಿದ್ದರು. ಕೀಲಿಕೈ ನನ್ನ ಮುಷ್ಟಿಯಲ್ಲೇ ಇತ್ತು. ಆ ಸಾಲು ಮುಗಿಯಲಿ ಎಂದು ನಾನು ಮಳೆಯಲ್ಲೇ ನಿಂತೆ.